ಪಿಎಚ್.ಡಿ.ಗೆ ಹೆಸರು ಬರೆಸುವ ಮುನ್ನ ಒಮ್ಮೆ ಖುಲ್ತಾಬಾದಿಗೆ

ದಖ್ಖನಿನ ಇತಿಹಾಸದಲ್ಲೋ ಸಾಹಿತ್ಯದಲ್ಲೋ ಸಂಶೋಧನೆ ಮಾಡಬೇಕೆಂದಿರುವ ಕರ್ನಾಟಕದ ಎಂ.ಎ. ವಿದ್ಯಾರ್ಥಿಗಳಿಗೆ,



ಶಿರಡಿಗೆ ಹೊರಡುವ ನಮ್ಮ ಕಡೆಯ ಬಸ್ಸುಗಳು ಹೆಚ್ಚುಕಡಿಮೆ ಒಂದೇ ಸುತ್ತು ಹಾಕುತ್ತವೆ. ಶನಿ ಶಿಂಗಣಾಪುರ, ಘೃಷ್ಣೇಶ್ವರ, ಮಂಗಳವಾರ ಅಲ್ಲದಿದ್ದರೆ ಎಲ್ಲೋರ, ಹೊತ್ತು ಉಳಿದರೆ ದೌಲತಾಬಾದಿನ ಕೋಟೆ. ಎಲ್ಲೋರಕ್ಕೂ ದೌಲತಾಬಾದಿಗೂ ನಡುವೆ ಗುಡ್ಡದ ಮೇಲಿರುವ ಖುಲ್ತಾಬಾದಿನಲ್ಲಿ ಮಲಗಿರುವ ಭದ್ರ ಮಾರುತಿಗೆ ಕೈಮುಗಿದು, ಔರಂಗಜೇಬನ ಗೋರಿ ಎಲ್ಲಿ ಎಂದು ಡ್ರೈವರನ್ನು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುವವರೇ ಜಾಸ್ತಿ. 2025ರ ಮಾರ್ಚ್‌ನಲ್ಲಿ ಆ ಗೋರಿಯ ಬಗ್ಗೆ ದೇಶವೆಲ್ಲ ಕೂಗಾಡಿದಾಗಲೂ ಈ ಊರಿನ ಬಗ್ಗೆ ಮಾತಾಡಿದವರು ಕಡಿಮೆ. ನಿಮ್ಮನ್ನು ಇಲ್ಲಿಗೆ ಕರೆಯುತ್ತಿರುವುದು ಯಾತ್ರೆಗೂ ಅಲ್ಲ, ಜಗಳಕ್ಕೂ ಅಲ್ಲ. ಸಿನಾಪ್ಸಿಸ್ ಬರೆಯುವ ಮೊದಲು ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಾನು ಹಿಡಿದ ವಿಷಯದ ಆಧಾರಗಳು ಯಾವ ಭಾಷೆಯಲ್ಲಿವೆ, ಆ ಭಾಷೆ ನನಗೆ ಬರುತ್ತದೆಯೇ? ಆ ಪ್ರಶ್ನೆಯನ್ನು ಇಷ್ಟು ನಿಷ್ಠುರವಾಗಿ ಕೇಳುವ ಊರು ದಖ್ಖನಿನಲ್ಲಿ ಇನ್ನೊಂದಿರಲಾರದು.

ಯಾರೆಲ್ಲ ಇಲ್ಲಿ ಮಣ್ಣಾಗಿದ್ದಾರೆ ನೋಡಿ. 1327ರ ಹೊತ್ತಿಗೆ ಮುಹಮ್ಮದ್ ಬಿನ್ ತುಘಲಕ್ ದೌಲತಾಬಾದನ್ನು ರಾಜಧಾನಿ ಮಾಡಿದಾಗ ದೆಹಲಿಯಿಂದ ಬಂದವರಲ್ಲಿ ನಿಜಾಮುದ್ದೀನ್ ಔಲಿಯಾರ ಶಿಷ್ಯರೂ ಇದ್ದರು. ಅವರಲ್ಲಿ ಹಿರಿಯರಾದ ಬುರ್ಹಾನುದ್ದೀನ್ ಗರೀಬ್ 1337ರಲ್ಲಿ ತೀರಿಕೊಂಡು ಇಲ್ಲೇ ಸಮಾಧಿಯಾದರು. ನಿಜಾಮುದ್ದೀನರ ಮಾತುಗಳನ್ನು ಬರೆದಿಟ್ಟ ಕವಿ ಅಮೀರ್ ಹಸನ್ ಸಿಜ್ಜಿಯೂ ಇಲ್ಲೇ ಇದ್ದಾನೆ. ಬುರ್ಹಾನುದ್ದೀನರ ಉತ್ತರಾಧಿಕಾರಿ ಜೈನುದ್ದೀನ್ ಶಿರಾಜಿಯವರ ದರ್ಗಾದ ಅಂಗಳದಲ್ಲಿ, ಮೇಲೆ ಚಾವಣಿಯೂ ಇಲ್ಲದ ಜಾಗದಲ್ಲಿ, 1707ರಲ್ಲಿ ಸತ್ತ ಔರಂಗಜೇಬನಿಗೆ ಗೋರಿ. ಅವನ ಮುತ್ತಜ್ಜ ಅಕ್ಬರನ ಕಾಲದಿಂದಲೂ ಮೊಗಲರು ದಕ್ಷಿಣಕ್ಕೆ ಕಾಲು ಚಾಚುತ್ತಿದ್ದಾಗ ಅವರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ಮಲಿಕ್ ಅಂಬರನೂ ಇದೇ ಊರಿನಲ್ಲಿ ಮಲಗಿದ್ದಾನೆ; ಅವನು 1626ರಲ್ಲಿ ತೀರಿಕೊಂಡ. ಅಬಿಸೀನಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ರಾಜ್ಯವನ್ನೇ ನಡೆಸಿದವನು. ಎದುರಾಳಿಗಳು ಒಂದೇ ಊರಿನ ಮಣ್ಣು ಹಂಚಿಕೊಂಡಿದ್ದಾರೆ. ಇವರೆಲ್ಲರ ಬಗ್ಗೆ ನೀವು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದಿಷ್ಟು ಓದಿರಬಹುದು. ಅವರ ಕಾಲದ ಕಾಗದ ಮಾತ್ರ ಫಾರಸಿಯಲ್ಲಿದೆ.

ಆ ಕಾಗದ ಓದಬಲ್ಲವನಿಗೂ ಓದಲಾರದವನಿಗೂ ಏನು ವ್ಯತ್ಯಾಸ ಎಂಬುದಕ್ಕೆ ಖುಲ್ತಾಬಾದಿನದೇ ಉದಾಹರಣೆ ಇದೆ. ಕಾರ್ಲ್ ಅರ್ನ್‌ಸ್ಟ್ ಎಂಬ ಅಮೆರಿಕದ ವಿದ್ವಾಂಸರು ಹಾರ್ವರ್ಡಿನಲ್ಲಿ 1981ರಲ್ಲಿ ಪಿಎಚ್.ಡಿ. ಮುಗಿಸಿದವರು. ಅರಬ್ಬಿ, ಫಾರಸಿ, ಉರ್ದು ಮೂರನ್ನೂ ಓದಬಲ್ಲವರು. ಖುಲ್ತಾಬಾದಿನ ಸೂಫಿ ಕೇಂದ್ರದ ಮೇಲೆ ಅವರು ಬರೆದ 'ಎಟರ್ನಲ್ ಗಾರ್ಡನ್' 1992ರಲ್ಲಿ ಪ್ರಕಟವಾಯಿತು. ಬುರ್ಹಾನುದ್ದೀನರ ಸುತ್ತ ಕಾಶಾನಿ ಮನೆತನದ ಅಣ್ಣತಮ್ಮಂದಿರಿದ್ದರು. ಗುರು ಆಡಿದ ಮಾತನ್ನು ಅವರಲ್ಲಿ ಮೂವರು ಬೇರೆಬೇರೆ ಪುಸ್ತಕಗಳಾಗಿ ಬರೆದಿಟ್ಟರು. ಅರ್ನ್‌ಸ್ಟ್ ಈ ಹಸ್ತಪ್ರತಿಗಳನ್ನು ಹುಡುಕಿ ಓದಿದರು. ಜೊತೆಗೆ ದರ್ಗಾಗಳಿಗೆ ದೊರೆಗಳು ಕೊಟ್ಟ ಭೂಮಿಯ ಕಾಗದಗಳನ್ನೂ ನೋಡಿದರು. ಅದರಿಂದ ತಿಳಿದದ್ದು ಸಣ್ಣದಲ್ಲ. ದಖ್ಖನಿಗೆ ಮೊದಲು ಬಂದ ಸೂಫಿಗಳೆಂದರೆ ಕತ್ತಿ ಹಿಡಿದು ಮತಾಂತರ ಮಾಡಿಸಿದವರು ಎಂಬ ಕಥೆ ಎರಡೂ ಕಡೆಯವರಿಗೆ ಪ್ರಿಯ: ಭಕ್ತರಿಗೆ ಹೆಮ್ಮೆಗಾಗಿ, ವಿರೋಧಿಗಳಿಗೆ ಸಿಟ್ಟಿಗಾಗಿ. ಆದರೆ ಆ ಸಂತರ ಜೊತೆಗೇ ಕೂತು ಬರೆದ 14ನೆಯ ಶತಮಾನದ ಪುಸ್ತಕಗಳಲ್ಲಿ ಅಂಥ ಯೋಧರು ಸಿಗುವುದಿಲ್ಲ. ಅವರು ಶತಮಾನಗಳ ನಂತರದ ಕಥೆಗಳಲ್ಲಿ ಕಾಣಿಸಿಕೊಂಡವರು. ಕಥೆ ಯಾವಾಗ ಹುಟ್ಟಿತು, ಏಕೆ ಹುಟ್ಟಿತು ಎಂಬುದೇ ಆಮೇಲೆ ಇತಿಹಾಸದ ಪ್ರಶ್ನೆಯಾಯಿತು. ಫಾರಸಿ ಬಾರದವರಿಗೆ ಈ ಪ್ರಶ್ನೆ ಹೊಳೆಯುವುದೇ ಕಷ್ಟ. ಅವರ ಕೈಗೆ ಎರಡು ಕಾಲದ ಪುಸ್ತಕಗಳೂ ಒಂದೇ ಇಂಗ್ಲಿಷ್ ಸಾರಾಂಶವಾಗಿ ಬರುತ್ತವೆ.

ಅದೇ ಅರ್ನ್‌ಸ್ಟ್ ಇನ್ನೊಂದು ಲೇಖನದಲ್ಲಿ ಮುಸ್ಲಿಂ ಬರಹಗಾರರು ಎಲ್ಲೋರದ ಗುಡಿಗಳನ್ನು ಹೇಗೆ ಕಂಡರು ಎಂದು ವಿಚಾರಿಸಿದ್ದಾರೆ. ಅದರ ಮುಖ್ಯ ಸಾಕ್ಷಿ ನಮ್ಮ ವಿಜಯಪುರದವನು. ಆದಿಲ್‌ಶಾಹಿಗಳ ಅಧಿಕಾರಿಯಾಗಿದ್ದ ರಫಿಯುದ್ದೀನ್ ಶಿರಾಜಿ 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬರೆದ 'ತಜ್ಕಿರತುಲ್ ಮುಲೂಕ್'ನಲ್ಲಿ ಎಲ್ಲೋರವನ್ನು ಬೆರಗಿನಿಂದ, ಪುಟಗಟ್ಟಲೆ ವರ್ಣಿಸಿದ್ದಾನೆ. ಔರಂಗಜೇಬನೂ ತನ್ನ ಪತ್ರವೊಂದರಲ್ಲಿ ಆ ಗುಹೆಗಳನ್ನು ಹೊಗಳಿದ್ದಾನೆ. ಕೈಲಾಸವನ್ನು ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ; ಎಂಟುನೂರು ವರ್ಷಗಳ ನಂತರ ಅದನ್ನು ಕಂಡು ತಲೆದೂಗಿದವನು ವಿಜಯಪುರದ ಫಾರಸಿ ಬರಹಗಾರ. ಎರಡೂ ಕರ್ನಾಟಕದ ಇತಿಹಾಸವೇ. ನಮ್ಮ ವಿಭಾಗಗಳಲ್ಲಿ ಮೊದಲನೆಯದಕ್ಕೆ ಪಾಠವಿದೆ, ಎರಡನೆಯದನ್ನು ಓದಬಲ್ಲವರಿಲ್ಲ.

ಕಲಬುರಗಿಯವರಿಗಂತೂ ಖುಲ್ತಾಬಾದ್ ಹೊರಗಿನ ಊರೇ ಅಲ್ಲ. ಖ್ವಾಜಾ ಬಂದೇನವಾಜರು 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, ಹುಡುಗನಾಗಿ ತಂದೆಯ ಜೊತೆ ದೌಲತಾಬಾದಿಗೆ ಬಂದವರು. ತಂದೆ ಸೈಯದ್ ಯೂಸುಫ್ ಹುಸೇನಿ ತೀರಿಕೊಂಡು ಖುಲ್ತಾಬಾದಿನಲ್ಲಿ ಸಮಾಧಿಯಾದರು. ಮಗ ಮತ್ತೆ ದೆಹಲಿಗೆ ಹೋದರು. ತೈಮೂರ್ ದಂಡೆತ್ತಿ ಬರುತ್ತಿದ್ದ 1398ರಲ್ಲಿ ಅಲ್ಲಿಂದ ಹೊರಟು, ಮುಪ್ಪಿನಲ್ಲಿ ತಂದೆಯ ಸಮಾಧಿ ನೋಡಲು ಇಲ್ಲಿಗೆ ಬಂದರು. ಆಮೇಲೆ ಫಿರೋಜ್ ಷಾ ಬಹಮನಿಯ ಕಾಲದಲ್ಲಿ ಕಲಬುರಗಿ ಸೇರಿ, 1422ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮೇಲೆ ನಮ್ಮಲ್ಲಿ ಲೇಖನ, ಭಾಷಣ, ವಿಚಾರ ಸಂಕಿರಣಗಳಿಗೆ ಬರವಿಲ್ಲ; ಬರ ಇರುವುದು ಅವರ ಕಾಲದ ಫಾರಸಿ ಓದಬಲ್ಲವರಿಗೆ.

ಇಷ್ಟು ಓದಿ, ಇದು ಉರ್ದು-ಫಾರಸಿ ಕಲಿತವರ ಕೆಲಸ, ನಮ್ಮದಲ್ಲ ಎಂದುಕೊಳ್ಳಬೇಡಿ. ಖುಲ್ತಾಬಾದಿನಿಂದ ಕೆಳಗೆ ಕಾಣುವ ದೌಲತಾಬಾದ್ ಅದಕ್ಕೂ ಮೊದಲು ದೇವಗಿರಿ, ಸೇವುಣರ ರಾಜಧಾನಿ. ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿ ಬೆಳೆದ ಆ ಮನೆತನದ ನೂರಾರು ಶಾಸನಗಳು ಕನ್ನಡದಲ್ಲಿವೆ. ಶ್ರೀನಿವಾಸ ರಿತ್ತಿಯವರು ಸೇವುಣರ ಮೇಲೆ ಬರೆದ ಇಂಗ್ಲಿಷ್ ಗ್ರಂಥವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1973ರಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲು, 1968ರಲ್ಲಿ, ಅವರೂ ಜಿ.ಸಿ. ಶೆಳಕೆಯವರೂ ಸೇರಿ ನಾಂದೇಡ್ ಜಿಲ್ಲೆಯ ಶಾಸನಗಳನ್ನು ಹೊರತಂದರು. ಮರಾಠವಾಡದ ಆ ಜಿಲ್ಲೆಯ ಕಲ್ಲುಗಳು ಕನ್ನಡ ಮಾತಾಡಿದವು. ಸೊಲ್ಲಾಪುರ ಜಿಲ್ಲೆಯಲ್ಲಿ ಅದೇ ಕೆಲಸಕ್ಕೆ ರಿತ್ತಿಯವರ ಜೊತೆಗೂಡಿದವರು ಆನಂದ ಕುಂಭಾರ. ಅವರು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ, ಊರೂರು ತಿರುಗಿ ಶಾಸನ ಹುಡುಕಿದವರು. ಅಂದರೆ ಛತ್ರಪತಿ ಸಂಭಾಜಿನಗರದಲ್ಲಿರುವ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯದ ಇತಿಹಾಸದ ಹುಡುಗನಿಗೆ ತನ್ನ ತಾಲೂಕಿನ 12ನೆಯ ಶತಮಾನವನ್ನು ಓದಲು ಹಳೆಗನ್ನಡ ಬೇಕು. ನಿಮಗೆ ನಿಮ್ಮ ಜಿಲ್ಲೆಯ 17ನೆಯ ಶತಮಾನವನ್ನು ಓದಲು ಫಾರಸಿ, ದಖನಿ ಬೇಕು, ಎಷ್ಟೋ ಕಡೆ ಮೋಡಿ ಲಿಪಿಯ ಮರಾಠಿಯೂ ಬೇಕು. ಗಡಿಯ ಎರಡೂ ಬದಿಯವರು ತಮ್ಮ ಮನೆಯ ಕಾಗದ ಓದಲಾರದೆ ಕೂತಿದ್ದಾರೆ, ಮತ್ತು ಗಡಿ ಯಾರದೆಂದು ಜಗಳವಾಡುತ್ತಿದ್ದಾರೆ!

ಈಗ ನಮ್ಮ ನಿಯಮ ನೋಡಿ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್ ಮಾಡಬೇಕು, ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಪಾಠ ಕಡ್ಡಾಯ. ಮೂರು ವರ್ಷಕ್ಕೆ ಮೊದಲು ಮುಗಿಸುವಂತಿಲ್ಲ, ಸಾಮಾನ್ಯವಾಗಿ ಆರು ವರ್ಷ ದಾಟುವಂತಿಲ್ಲ. 2024ರಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು. ನೆಟ್‌ನಲ್ಲಿ ಎರಡು ಪತ್ರಿಕೆ, 150 ಪ್ರಶ್ನೆ, ಎಲ್ಲವೂ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವಂಥವು. ಇತಿಹಾಸದ ಪತ್ರಿಕೆಯಲ್ಲಿ ಯಾವ ಸುಲ್ತಾನನ ಕಾಲದಲ್ಲಿ ಯಾವ ಗ್ರಂಥ ಬರೆಯಲಾಯಿತು ಎಂದು ಕೇಳುತ್ತಾರೆ. ಆ ಗ್ರಂಥದ ಒಂದು ಸಾಲು ಕೊಟ್ಟು ಓದಿಸುವುದಿಲ್ಲ. ಇಡೀ ದಾರಿಯಲ್ಲಿ ಎಲ್ಲಿಯೂ, ನಿನ್ನ ವಿಷಯದ ಮೂಲ ಭಾಷೆ ನಿನಗೆ ಬರುತ್ತದೆಯೇ ಎಂದು ಕೇಳುವ ಬಾಗಿಲೇ ಇಲ್ಲ. ಗೈಡ್ ಕೇಳಬಹುದು. ಗೈಡಿಗೂ ಬಾರದಿದ್ದರೆ ಅವರೂ ಕೇಳುವುದಿಲ್ಲ.

ಪರಿಣಾಮ ನಿಮಗೇ ಗೊತ್ತು. ವಿಷಯ ಆರಿಸುವಾಗ ಹಿರಿಯರು ಮೊದಲು ಹೇಳುವ ಮಾತು, 'ಮಟೀರಿಯಲ್ ಸಿಗುವಂಥದ್ದು ತಗೋ' ಎಂದು. ಸಿಗುವ ಮಟೀರಿಯಲ್ ಎಂದರೆ ಇಂಗ್ಲಿಷಿನಲ್ಲಿ ಆಗಲೇ ಅಚ್ಚಾದದ್ದು. ಬಹಮನಿಗಳ ಮೇಲಿನ ಪ್ರಬಂಧ ಷೇರ್ವಾನಿಯವರ ಪುಸ್ತಕದ ಸುತ್ತ ತಿರುಗುತ್ತದೆ, ವಿಜಯಪುರದ ಸೂಫಿಗಳ ಮೇಲಿನದು ರಿಚರ್ಡ್ ಈಟನ್‌ರ 1978ರ ಗ್ರಂಥದ ಸುತ್ತ. ಈಟನ್ ಆ ಪುಸ್ತಕ ಬರೆದದ್ದು ಫಾರಸಿ ಓದಿ, ದಖನಿಯ ಬೀಸುಕಲ್ಲಿನ ಹಾಡುಗಳನ್ನೂ ಆಧಾರವಾಗಿ ಹಿಡಿದು. ಅವರ ತಪ್ಪು ಹಿಡಿಯಬೇಕಾದರೂ ಅವರು ಓದಿದ್ದನ್ನು ನೀವು ಓದಬೇಕಲ್ಲ? ಸಾಫ್ಟ್‌ವೇರ್ ನಿಮ್ಮ ಪ್ರಬಂಧವನ್ನು ನೋಡಿ ಶೇಕಡಾ ಇಷ್ಟು ನಕಲು ಎನ್ನುತ್ತದೆ. ಬೇರೆಯವರ ಕಣ್ಣಿನಲ್ಲೇ ಎಲ್ಲವನ್ನೂ ನೋಡಿದ್ದೀರಿ ಎಂಬುದನ್ನು ಹೇಳುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಬೇರೆ ಕಡೆ ಹೇಗೆ ಎಂದು ತಿಳಿಯಲು ಯುರೋಪಿನವರೆಗೆ ಹೋಗಬೇಕಾಗಿಲ್ಲ. ನಿಮ್ಮಲ್ಲಿ ಅರ್ಧದಷ್ಟು ಮಂದಿಗೆ ಪ್ರೀತಿಯಾಗಿರುವ ಕೊರಿಯಾವನ್ನೇ ನೋಡಿ. ಧಾರಾವಾಹಿ ನೋಡಿ, ಹಾಡು ಕೇಳಿ ಕೊರಿಯನ್ ಕಲಿಯುತ್ತಿರುವ ಹುಡುಗ ಹುಡುಗಿಯರು ಈಗ ಕಲಬುರಗಿಯಲ್ಲೂ ಇದ್ದಾರೆ, ಹಾಸನದಲ್ಲೂ ಇದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ನಿನ ಹೆಸರನ್ನೇ ಮೊದಲು ಹೇಳುತ್ತದೆ. ಆ ದೇಶದ ಸರ್ಕಾರ ಕೊಡುವ ಗ್ಲೋಬಲ್ ಕೊರಿಯಾ ಸ್ಕಾಲರ್‌ಷಿಪ್ ಸಿಕ್ಕಿ ಎಂ.ಎ.ಗೋ ಪಿಎಚ್.ಡಿ.ಗೋ ಹೋದವರು ನೇರವಾಗಿ ತರಗತಿಗೆ ಕಾಲಿಡುವುದಿಲ್ಲ. ಮೊದಲ ಒಂದು ವರ್ಷ ಬರೀ ಭಾಷೆ. ಟೋಪಿಕ್ ಎಂಬ ಪರೀಕ್ಷೆಯ ಆರು ಹಂತಗಳಲ್ಲಿ ಮೂರನೆಯದನ್ನಾದರೂ ದಾಟಿದ ಮೇಲೆ ಪದವಿಯ ಪಾಠ. ಐದು, ಆರನೆಯ ಹಂತ ಆಗಲೇ ದಾಟಿದವರಿಗೆ ಆ ವರ್ಷದ ವಿನಾಯಿತಿ. ಗಮನಿಸಿ: ಭಾಷಾ ವರ್ಷಕ್ಕೂ ದುಡ್ಡು ಕೊಡುತ್ತಾರೆ. ಅದನ್ನು ಅವರು ಓದಿನ ಭಾಗವೆಂದೇ ಲೆಕ್ಕ ಹಾಕಿದ್ದಾರೆ.

ಇದು ಇಂದಿನ ಕೊರಿಯಾದ ಮಾತು. ಹಿಂದಿನ ಕೊರಿಯಾವನ್ನು ಓದಹೊರಟವರಿಗೆ ಆ ಪರೀಕ್ಷೆಯೂ ಸಾಲದು. ಸೇಜೊಂಗ್ ದೊರೆ ಹಂಗುಲ್ ಲಿಪಿಯನ್ನು 1443ರಲ್ಲಿ ರೂಪಿಸಿ 1446ರಲ್ಲಿ ಪ್ರಜೆಗಳ ಮುಂದಿಟ್ಟ. ಆದರೂ ಅವನ ಜೋಸನ್ ವಂಶದ ಆಸ್ಥಾನದ ವೃತ್ತಾಂತಗಳೂ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಗಳೂ ನಡೆದದ್ದು ಹಳೆಯ ಚೀನಿಯಲ್ಲಿ, ಅದೂ 19ನೆಯ ಶತಮಾನದ ಕೊನೆಯವರೆಗೆ. 1910ರಿಂದ 1945ರವರೆಗೆ ಜಪಾನ್ ಆಳಿತು. ಆ ಕಾಲದ ಸರ್ಕಾರಿ ಕಡತ ಜಪಾನಿಯಲ್ಲಿ. ಹಾರ್ವರ್ಡಿನಲ್ಲಿ ಕೊರಿಯಾ ಅಧ್ಯಯನಕ್ಕೆ ಅಡಿಪಾಯ ಹಾಕಿದ ಎಡ್ವರ್ಡ್ ವ್ಯಾಗ್ನರ್ ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೇನಾಡಳಿತದ ಕಾಲದಲ್ಲಿ ಕೊರಿಯಾ ಕಂಡವರು. ಮುಂದೆ ಅವರೂ ಕೊರಿಯಾದ ವಿದ್ವಾಂಸ ಸಾಂಗ್ ಜೂನ್-ಹೋ ಅವರೂ ಸೇರಿ ಜೋಸನ್ ಕಾಲದ ಐನೂರು ವರ್ಷಗಳಲ್ಲಿ ದೊಡ್ಡ ಪರೀಕ್ಷೆ ಪಾಸಾದ 14,000ಕ್ಕೂ ಹೆಚ್ಚು ಜನರ ಪಟ್ಟಿ ಕಟ್ಟಿದರು. ಯಾವ ಮನೆತನಗಳು ಅಧಿಕಾರ ಹಿಡಿದಿದ್ದವು ಎಂಬುದು ಅದರಿಂದ ತಿಳಿಯಿತು. ಹಳೆಯ ಚೀನಿ ಬಾರದೆ ಆ ಪಟ್ಟಿಯ ಮೊದಲ ಹೆಸರೂ ಸಿಗುತ್ತಿರಲಿಲ್ಲ. ಆದ್ದರಿಂದಲೇ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕೊರಿಯಾದ ಇತಿಹಾಸಕ್ಕೆ ಸೇರುವವರಿಗೆ ಕೊರಿಯನ್ ಜೊತೆಗೆ ಹಳೆಯ ಚೀನಿಯೋ ಜಪಾನಿಯೋ ಬೇಕೆನ್ನುವುದು ರೂಢಿ. ಕೊರಿಯನ್ನರೇ ಆದರೂ ಇದರಿಂದ ಬಿಡುಗಡೆಯಿಲ್ಲ. ಮನೆಯ ಮಾತು ಬರುತ್ತದೆ ಎಂಬುದು ಮನೆಯ ಚರಿತ್ರೆ ಬರೆಯಲು ಅರ್ಹತೆಯಲ್ಲ ಎಂದು ಅವರು ಒಪ್ಪಿಕೊಂಡಾಗಿದೆ. ನಾವು ಇನ್ನೂ ಒಪ್ಪಿಲ್ಲ.

ಹೊರದೇಶಕ್ಕೆ ಅರ್ಜಿ ಹಾಕುವವರು ಟೋಫೆಲ್, ಐಇಎಲ್‌ಟಿಎಸ್ ಅಂಕ ತೋರಿಸಿದರೆ ಭಾಷೆಯ ಷರತ್ತು ಮುಗಿಯಿತೆಂದು ತಿಳಿದಿರುತ್ತಾರೆ. ಅದು ಗೇಟಿನ ಚೀಟಿ ಅಷ್ಟೆ. ಸೇರಿದ ಮೇಲೆ ನಿಜವಾದ ಷರತ್ತು ಬರುತ್ತದೆ: ಆಧಾರದ ಭಾಷೆಯಲ್ಲಿ ಒಂದೆರಡು ಪುಟ ಕೊಟ್ಟು, ನಿಘಂಟು ಕೈಗಿತ್ತು, ಎರಡು ಮೂರು ಗಂಟೆಯಲ್ಲಿ ಅನುವಾದಿಸು ಎನ್ನುವುದು. ಮಾತಾಡಬೇಕಾಗಿಲ್ಲ, ಕವಿತೆ ಬರೆಯಬೇಕಾಗಿಲ್ಲ. ಓದಿ ಅರ್ಥ ಮಾಡಿಕೊಂಡರೆ ಸಾಕು. ಕನ್ನಡವನ್ನೇ ಹೀಗೆ ಕಲಿತು ಬಂದವರಿದ್ದಾರೆ. ಸಂಸ್ಕೃತದಲ್ಲಿ ಆಗಲೇ ದೊಡ್ಡ ಹೆಸರಾಗಿದ್ದ ಶೆಲ್ಡನ್ ಪೊಲಾಕ್ ಮೈಸೂರಿಗೆ ಬಂದು ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ಬಳಿ ಹಳೆಗನ್ನಡ ಓದಿದರು. ವುರ್ಟ್ಸ್‌ಬರ್ಗಿನ ಹೈಡ್ರೂನ್ ಬ್ರೂಕ್ನರ್ ತುಳು ಕಲಿತು ಪಾಡ್ದನಗಳನ್ನು ಅಭ್ಯಾಸ ಮಾಡಿದರು. ಜರ್ಮನಿಯ ಸೊಂಥೈಮರ್ ಮರಾಠಿ ಕಲಿತು ಧನಗರರ ಹಿಂದೆ ತಿರುಗಿ, ಅವರ ಖಂಡೋಬನನ್ನೂ ನಮ್ಮ ಮೈಲಾರನನ್ನೂ ಒಟ್ಟಿಗೆ ನೋಡಿದರು.

ನಿಮ್ಮ ಆಕ್ಷೇಪಗಳು ನನಗೆ ಗೊತ್ತು. ಎಲ್ಲರಿಗೂ ಜೆಆರ್‌ಎಫ್ ಬರುವುದಿಲ್ಲ. ಬಂದವರಿಗೆ ತಿಂಗಳಿಗೆ 37,000 ರೂಪಾಯಿ, ಬಾರದವರಿಗೆ ಅತಿಥಿ ಉಪನ್ಯಾಸಕರ ಕೆಲಸ, ಅದೂ ರಜೆಯಲ್ಲಿ ಸಂಬಳವಿಲ್ಲದ್ದು. ಅಂಥವರಿಗೆ ಇನ್ನೊಂದು ಭಾಷೆ ಕಲಿ ಎನ್ನುವುದು ಸುಲಭ, ಕಲಿಯುವುದು ಕಷ್ಟ. ಇದು ನ್ಯಾಯವಾದ ಮಾತು. ಅದಕ್ಕೇ ಈ ಹೊರೆ ನಿಮ್ಮ ತಲೆಯ ಮೇಲೆ ಮಾತ್ರ ಇರಬಾರದು, ಕೋರ್ಸ್ ವರ್ಕ್‌ನ ಒಳಗೇ ಬರಬೇಕು ಎನ್ನುತ್ತೇನೆ. ಅನುವಾದಗಳಿವೆಯಲ್ಲ ಎನ್ನುವವರೂ ಇದ್ದಾರೆ. ಇವೆ, ಇನ್ನೂ ಬರಬೇಕು. ಎಂ.ಎಂ. ಕಲಬುರ್ಗಿಯವರು ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರದಿಂದ ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರಿಸುವ ಯೋಜನೆಯ ಹಿಂದೆ ನಿಂತರು. ವಚನಗಳ ಸಂಪಾದಕರು ಈ ಕೆಲಸಕ್ಕೆ ಕೈಹಾಕಿದ್ದೇ ಅದರ ಅಗತ್ಯ ಎಷ್ಟೆಂದು ಹೇಳುತ್ತದೆ. ಕೊರಿಯಾದವರೂ ತಮ್ಮ ಜೋಸನ್ ವೃತ್ತಾಂತಗಳನ್ನು ಇಪ್ಪತ್ತೈದು ವರ್ಷ ಹಿಡಿದು, 1993ಕ್ಕೆ ಮುಗಿಯುವಂತೆ, ಪೂರ್ತಿ ಕೊರಿಯನ್ನಿಗೆ ತಂದರು. ಅಷ್ಟಾದರೂ ಸಂಶೋಧಕರಿಗೆ ಹಳೆಯ ಚೀನಿಯ ಷರತ್ತು ಹೋಗಲಿಲ್ಲ. ಅನುವಾದ ಓದುಗರಿಗೆ, ಅನುವಾದ ಸರಿಯೇ ಎಂದು ನೋಡಬೇಕಾದವರು ನೀವು.

ಇನ್ನು, ಫಾರಸಿ ನಮ್ಮ ಧರ್ಮದ್ದಲ್ಲ ಎಂದು ಮೆಲ್ಲಗೆ ಹೇಳುವವರಿದ್ದಾರೆ. ಬೀದರಿನ ಅಷ್ಟೂರಿಗೆ ಹೋಗಿ ಬನ್ನಿ. ಅಲ್ಲಿ ಬಹಮನಿ ಅಹಮದ್ ಷಾನ ಗುಮ್ಮಟದ ಉರುಸಿಗೆ ಜಂಗಮರು ಬರುತ್ತಾರೆ, ಅವನನ್ನೇ ಅಲ್ಲಮಪ್ರಭು ಎಂದು ನಂಬಿ ಕೈಮುಗಿಯುವವರೂ ಬರುತ್ತಾರೆ. ಗುಮ್ಮಟದ ಒಳಗೋಡೆಯ ತುಂಬ ಫಾರಸಿ, ಅರಬ್ಬಿ ಬರಹ. ಉರುಸಿನ ಮೇಲೆ ಬರೆಯಹೊರಟವರು ಹೊರಗಿನ ಹಾಡು ಕೇಳಿ ಒಳಗಿನ ಗೋಡೆ ಬಿಟ್ಟರೆ, ಅಥವಾ ಗೋಡೆ ಓದಿ ಹಾಡು ಬಿಟ್ಟರೆ, ಅರ್ಧ ಪ್ರಬಂಧ ಬರೆದಂತೆ. ಯಾವ ಧರ್ಮದವರಾದರೂ ಸರಿ.

ಕಲಿಯುವುದೆಲ್ಲಿ? ದಾರಿ ಇಲ್ಲದೆ ಇಲ್ಲ. ಹೈದರಾಬಾದಿನ ಉಸ್ಮಾನಿಯಾದಲ್ಲಿ, ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯದಲ್ಲಿ ಫಾರಸಿ ವಿಭಾಗಗಳಿವೆ. ಮೋಡಿ ಲಿಪಿಗೆ ಪುಣೆಯಲ್ಲಿ 1910ರಿಂದ ಇರುವ ಭಾರತ ಇತಿಹಾಸ ಸಂಶೋಧಕ ಮಂಡಳದ ಕಡೆ ನೋಡಿ. ಕನ್ನಡ ಶಾಸನಕ್ಕೆ ಸಾಹಿತ್ಯ ಪರಿಷತ್ತಿನ ಡಿಪ್ಲೊಮಾ ಇದೆ. ಪುರಾತತ್ವ ಇಲಾಖೆಯ ಶಾಸನ ಶಾಖೆ ಮೈಸೂರಿನಲ್ಲಿದ್ದರೆ ಅದರ ಅರಬ್ಬಿ-ಫಾರಸಿ ಶಾಖೆ ನಾಗಪುರದಲ್ಲಿದೆ. ಕರ್ನಾಟಕದ ಸುಲ್ತಾನರ ಶಾಸನಗಳ ಪಡಿಯಚ್ಚು ಹುಡುಕುವವರಿಗೆ ಆ ವಿಳಾಸವೂ ಬೇಕಾಗುತ್ತದೆ. ದಖನಿಗೆ ಪುಸ್ತಕವೇ ಬೇಡ: ನಿಮ್ಮ ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿ ಅದನ್ನು ಮಾತಾಡುವವರಿದ್ದಾರೆ. ಲಿಪಿ ಕಲಿತರೆ ಅರ್ಧ ದಾರಿ ಸಾಗಿದಂತೆ.

ನನ್ನ ಕೇಳಿಕೆ ಇಷ್ಟೇ. 12 ಕ್ರೆಡಿಟ್‌ಗಳಲ್ಲಿ ನಾಲ್ಕನ್ನು ಆಧಾರದ ಭಾಷೆಗೆ ಇಡಿ ಎಂದು ನಿಮ್ಮ ವಿಭಾಗಕ್ಕೆ ಬರೆದು ಕೊಡಿ. ಯುಜಿಸಿ ಹೇಳುವುದು ಕನಿಷ್ಠ ಎಷ್ಟು ಎಂದು, ನೀತಿಯ ಪಾಠ ಇರಲೇಬೇಕು ಎಂದು; ಆ ನಾಲ್ಕರಲ್ಲಿ ಏನು ಓದಿಸಬೇಕೆಂದು ತೀರ್ಮಾನಿಸುವುದು ಬೋರ್ಡ್ ಆಫ್ ಸ್ಟಡೀಸ್. ನಿಘಂಟು ಇಟ್ಟುಕೊಂಡು ಬರೆಯುವ ಅನುವಾದದ ಪರೀಕ್ಷೆ ಸಾಕು, ಆದರೆ ಅದು ವಿಷಯ ನೋಂದಾಯಿಸುವ ಮೊದಲೇ ಆಗಲಿ. ಆಧುನಿಕ ಕರ್ನಾಟಕದ ಮೇಲೆ ಕೆಲಸ ಮಾಡುವವರಿಗೆ ಕನ್ನಡ, ಇಂಗ್ಲಿಷ್ ಸಾಕೆನಿಸಿದರೆ ಅವರಿಗೆ ವಿನಾಯಿತಿ ಕೊಡಲಿ. ನಿಯಮ ಎಲ್ಲರಿಗೂ ಒಂದೇ ಆಗಬೇಕಾಗಿಲ್ಲ. ಹೇಳಿಕೊಡುವವರಿಲ್ಲ ಎಂದರೆ ನಮ್ಮ ಹಳ್ಳಿಗಳಲ್ಲಿ ಕಳೆ ತೆಗೆಯುವಾಗ ಮಾಡುವ ಮುಯ್ಯಾಳಿನ ಲೆಕ್ಕ ಹಾಕಿ. ಸಂಭಾಜಿನಗರದ ವಿದ್ಯಾರ್ಥಿಗಳಿಗೆ ನೀವು ಬೇಸಿಗೆಯಲ್ಲಿ ಹಳೆಗನ್ನಡ ಶಾಸನ ಓದಿಸಿ, ಅವರು ನಿಮಗೆ ಮೋಡಿ ಕಲಿಸಲಿ. ಹೈದರಾಬಾದಿನ ಫಾರಸಿ ವಿದ್ಯಾರ್ಥಿಗೆ ಬಂದೇನವಾಜರ ಕಾಲದ ಕಲಬುರಗಿಯ ಕನ್ನಡ ಶಾಸನ ಬೇಕಾಗುತ್ತದೆ, ನಿಮಗೆ ಅವನ ಭಾಷೆ ಬೇಕು. ಎರಡು ವಿಭಾಗದ ಮುಖ್ಯಸ್ಥರು ಒಂದು ಒಪ್ಪಂದಕ್ಕೆ ರುಜು ಹಾಕಿದರೆ, ಒಂದು ಹಾಸ್ಟೆಲಿನಲ್ಲಿ ರಜೆಯ ದಿನಗಳಲ್ಲಿ ಹತ್ತು ಹಾಸಿಗೆ ಬಿಟ್ಟುಕೊಟ್ಟರೆ ಸಾಕು.

ಅರ್ಜಿಗೆ ಸಹಿ ಹಾಕಲು ನಿಮ್ಮ ತರಗತಿಯಲ್ಲಿ ನಾಲ್ಕೇ ಮಂದಿ ಸಿಕ್ಕರೂ ಕೊಡಿ. ಮುಂದಿನ ಬೋರ್ಡಿನ ಸಭೆಯ ಕಾರ್ಯಸೂಚಿಗೆ ಅದು ಸೇರಿತೋ ಇಲ್ಲವೋ ಎಂದು ಸಭೆಗೆ ಮೊದಲೇ ಕೇಳಿ, ನಡಾವಳಿಯ ಪ್ರತಿಯನ್ನೂ ತೆಗೆದುಕೊಳ್ಳಿ.

ಇತಿ,
ನಿಮ್ಮಂತೆಯೇ ಈ ದಾರಿ ಹಿಡಿದವನು